ಎಡಗಡೆ, ಒಂದು ಹೆಜ್ಜೆ ಹಿಂದೆ

ಗಂಜಿ ಹಾಕಿದ ಹತ್ತಿ ಬಟ್ಟೆಯ ಮೇಲೆ ಕಾದ ಇಸ್ತ್ರಿಪೆಟ್ಟಿಗೆ ಹರಿದಾಗ ಏಳುವ ವಾಸನೆ. ಕನ್ಯಾನದ ಮನೆಯಲ್ಲಿ ಸೋಮವಾರ ಬೆಳಗಾಗುತ್ತಿದ್ದುದೇ ಆ ವಾಸನೆಯಿಂದ. ಅಪ್ಪ ಫಾರೆಸ್ಟ್ ಗಾರ್ಡ್. ಅವರ ಖಾಕಿ ಅಂಗಿಯನ್ನು ಅಮ್ಮ ಕುಚ್ಚಲಕ್ಕಿಯ ತಿಳಿಯಲ್ಲಿ ಅದ್ದಿ, ಒಣಗಿಸಿ, ಕೆಂಡದ ಪೆಟ್ಟಿಗೆಯಲ್ಲಿ ಒತ್ತುತ್ತಿದ್ದರು. ಚಾಪೆಯಲ್ಲಿ ಕಣ್ಣು ಮುಚ್ಚಿ ಮಲಗಿದ್ದ ಸರಸಳಿಗೆ ಅದು ಅರ್ಧ ಅನ್ನದ, ಅರ್ಧ ಬಿಸಿಲಿನ ವಾಸನೆ ಎನಿಸುತ್ತಿತ್ತು.

ಈಗ ಅರವತ್ತೊಂದನೆಯ ವಯಸ್ಸಿನಲ್ಲಿ, ಸಮುದ್ರ ದಾಟಿ ಬಂದ ಅಂಡಮಾನಿನ ಗೆಸ್ಟ್ ಹೌಸಿನಲ್ಲಿ, ಅದೇ ವಾಸನೆ ಅವಳನ್ನು ಎಬ್ಬಿಸಿತು.

ಜಗಲಿಗೆ ಬಂದು ನೋಡಿದರೆ, ಊರಿನ ಸಂಘದಿಂದ ಜೊತೆಗೆ ಬಂದಿದ್ದ ಸಂಕಪ್ಪ ಮೇಜಿನ ಮೇಲೆ ಕಂಬಳಿ ಹಾಸಿಕೊಂಡು ಇಸ್ತ್ರಿ ಹಾಕುತ್ತಿದ್ದರು. ಕೈಯಡಿಯಲ್ಲಿದ್ದುದು ಅವಳದೇ ಬಿಳಿ ಸೀರೆ, ಹಸಿರು ಅಂಚಿನದು.

"ಇದು ನಿಮ್ಮ ಕೈಗೆ ಹೇಗೆ ಬಂತು?"

ಸಂಕಪ್ಪ ಬೆಚ್ಚಿ ನೆಟ್ಟಗೆ ನಿಂತರು. "ಗುಡ್ ಮಾರ್ನಿಂಗ್ ಮೇಡಂ. ನಿಮ್ಮ ರೂಮಿನ ಅವ್ವಮ್ಮ ನಿನ್ನೆ ಕೊಟ್ಟರು. ಪೆಟ್ಟಿಗೆಯಲ್ಲಿ ಮುದುಡಿ ಹೋಗಿತ್ತಂತೆ. ಅಡುಗೆಯವರ ಹತ್ತಿರ ಸ್ವಲ್ಪ ಗಂಜಿ ತಿಳಿ ಕೇಳಿದೆ."

"ಇಸ್ತ್ರಿ ಕೈಯಲ್ಲಿ ಹಿಡ್ಕೊಂಡು ಅಟೆನ್ಷನ್ ನಿಲ್ಬೇಡಿ ಮಾರಾಯ್ರೇ, ಸೀರೆ ಸುಡ್ತದೆ."

ಅವರು ನಗಲಿಲ್ಲ. ಕಿವಿಯ ತುದಿ ಮಾತ್ರ ಕೆಂಪಾಯಿತು. ಸರಸ ಅದನ್ನು ಮನಸ್ಸಿಟ್ಟು ನೋಡಿದಳು. ಮೂರು ವರ್ಷಗಳಿಂದ ಅವಳಿಗೆ ಸಿಗುತ್ತಿದ್ದ ಉತ್ತರ ಅಷ್ಟೇ.

ಬಂಟ್ವಾಳದ ಮಾಜಿ ಸೈನಿಕರ ಸಂಘ ತಿಂಗಳಿಗೊಮ್ಮೆ ಪಾಣೆಮಂಗಳೂರಿನಲ್ಲಿ ಸೇರುತ್ತದೆ. ಮಿಲಿಟರಿ ಆಸ್ಪತ್ರೆಗಳಲ್ಲಿ ನರ್ಸಿಂಗ್ ಆಫೀಸರಾಗಿ ದುಡಿದು, ಮೇಜರ್ ಆಗಿ ನಿವೃತ್ತಳಾದ ಸರಸ ಮೊದಲ ಸಲ ಅಲ್ಲಿಗೆ ಹೋದ ದಿನ, ಬಾಗಿಲಲ್ಲಿದ್ದವರು, "ಅಕ್ಕ, ಹೆಂಗಸರಿಗೆ ಮ್ಯೂಸಿಕಲ್ ಚೇರ್ ಒಳಗೆ ಉಂಟು. ನಿಮ್ಮ ಯಜಮಾನರು ಯಾವ ರ‍್ಯಾಂಕ್?" ಎಂದಿದ್ದರು. ಮದುವೆಯೇ ಆಗದಿದ್ದ ಅವಳು ಏನು ಹೇಳುವುದೆಂದು ಯೋಚಿಸುವಷ್ಟರಲ್ಲಿ ಹಿಂದಿನ ಸಾಲಿನಿಂದ ಒಬ್ಬರು ಎದ್ದು ಬಂದು ಸೆಲ್ಯೂಟ್ ಹೊಡೆದರು. ಅವಳ ಚೀಲಕ್ಕೆ ಸಿಕ್ಕಿಸಿದ್ದ ಸೇನಾ ನರ್ಸಿಂಗಿನ ಪುಟ್ಟ ಬಿಲ್ಲೆಯನ್ನು ಗುರುತಿಸಿದವರು ಅವರೊಬ್ಬರೇ. "ಇವರೇ ಆಫೀಸರ್. ಮುಂದಿನ ಸಾಲಿನಲ್ಲಿ ಕುರ್ಚಿ ಹಾಕಿ" ಎಂದರು.

ಅವರು ಮಿಜಾರಿನ ಹವಾಲ್ದಾರ್ ಸಂಕಪ್ಪ. ಹೆಂಡತಿ ತೀರಿಕೊಂಡು ಒಂಬತ್ತು ವರ್ಷವಾಗಿತ್ತು.

ಆಮೇಲೆ ಆ ಸೆಲ್ಯೂಟೇ ಅಡ್ಡ ನಿಂತಿತು. ಸೈನ್ಯದಲ್ಲಿ ಕಿರಿಯವನು ಹಿರಿಯರ ಎಡಗಡೆ, ಒಂದು ಹೆಜ್ಜೆ ಹಿಂದೆ ನಡೆಯಬೇಕು. ಸಂಕಪ್ಪ ಪ್ರತಿ ಸಲವೂ ಅವಳನ್ನು ವಿಟ್ಲದ ಬಸ್ಸಿನವರೆಗೆ ಹಾಗೆಯೇ ಬಿಟ್ಟು ಬರುತ್ತಿದ್ದರು. ಬಸ್ಸು ನಿಲ್ಲುವ ಮೊದಲೇ ಕಿಟಕಿಯಿಂದ ಕರವಸ್ತ್ರ ಹಾಕಿ ಸೀಟು ಹಿಡಿಯುತ್ತಿದ್ದರು. ಮಳೆಯ ದಿನ ಕೊಡೆ ಅವಳ ಮೇಲೆ, ಅವರ ಅಂಗಿ ಒದ್ದೆ. ಇಷ್ಟೆಲ್ಲ ಮಾಡಿದರೂ ಪಕ್ಕಕ್ಕೆ ಮಾತ್ರ ಬರಲಿಲ್ಲ.

ಈ ಸಲ ದೇಶದ ಎಲ್ಲ ಸಂಘಗಳ ಸಮಾವೇಶ ಅಂಡಮಾನಿನಲ್ಲಿ. ಹೊರಡುವಾಗ ಸಂಕಪ್ಪರ ಮಗಳು ತೃಪ್ತಿ ವಿಮಾನ ನಿಲ್ದಾಣದಲ್ಲಿ ಸರಸಳ ಕೈ ಹಿಡಿದು, "ಅಪ್ಪ ಹೇಳ್ಲಿಕ್ಕಿಲ್ಲ ಆಂಟಿ. ನೀವೇ ಹೇಳ್ಬೇಕು" ಎಂದಿದ್ದಳು.

ಇಂದು ಕೊನೆಯ ದಿನ.

ಚಹಾ ಕುಡಿದು ಇಬ್ಬರೂ ಕಡಲ ಬದಿಗೆ ನಡೆದರು. ನೀರು ತಿಳಿಹಸಿರಾಗಿತ್ತು. ಸರಸ ನಿಂತಳು. ಹಿಂದೆ ಹೆಜ್ಜೆಯೂ ನಿಂತಿತು.

"ನಿಮ್ಮ ಹತ್ತಿರ ಮಾತಾಡಿ ಮಾತಾಡಿ ನನಗೆ ಎಡಗಡೆ ಕುತ್ತಿಗೆ ನೋವು ಶುರುವಾಗಿದೆ, ಸಂಕಪ್ಪರೇ."

"ಮುಲಾಮು ಉಂಟು ಮೇಡಂ, ರೂಮಿನಲ್ಲಿ..."

"ಮುಲಾಮು ಬೇಡ. ಕೇಳಿ. ನನಗೆ ನಿಮ್ಮನ್ನು ಮದುವೆ ಆಗ್ಬೇಕು ಅಂತ ಉಂಟು."

ಮರಳಿನ ಮೇಲೆ ಒಂದು ಏಡಿ ಅಡ್ಡ ಓಡಿತು. ಸಂಕಪ್ಪ ಅದು ಬಿಲ ಸೇರುವವರೆಗೆ ಅದನ್ನೇ ನೋಡಿದರು.

"ನೀವು ಆಫೀಸರ್."

"ರಿಟೈರ್ ಆಗಿ ಆರು ವರ್ಷ ಆಯ್ತು."

"ಜನ ನಿಮ್ಮನ್ನು ಸೋಫಾದಲ್ಲಿ ಕೂರಿಸ್ತಾರೆ. ನನ್ನನ್ನು ಹಿಂದೆ ಬೆಂಚಿನಲ್ಲಿ. ನನಗೆ ಅದು ಬೇಸರ ಇಲ್ಲ. ನನ್ನಿಂದಾಗಿ ನಿಮ್ಮನ್ನು ಯಾರಾದರೂ ಬೆಂಚಿಗೆ ಇಳಿಸಿದರೆ, ಅದನ್ನು ನಾನು ಹೇಗೆ ನೋಡುವುದು?"

ಇಷ್ಟು ದೊಡ್ಡ ಮಾತನ್ನು ಅವರು ಎಂದೂ ಆಡಿದವರಲ್ಲ. ಆದರೂ ಸರಸ ಹಿಡಿದದ್ದನ್ನು ಬಿಡಲಿಲ್ಲ.

"ಯಾರೂ ಇಳಿಸುವುದು ಬೇಡ, ನಾನೇ ಬರ್ತೇನೆ. ಇವತ್ತು ಬಡಾ ಖಾನಾ. ಬಡಿಸಿ ಆದ ಮೇಲೆ ನಿಮ್ಮ ಬೆಂಚಿಗೇ ಬರ್ತೇನೆ. ಅಲ್ಲಿ ನನಗೆ ಜಾಗ ಉಂಟೋ ಇಲ್ಲವೋ, ಅಷ್ಟು ಹೇಳಿ. ಈಗ ಬೇಡ, ಆಗ."

ಬಡಾ ಖಾನಾ ಎಂದರೆ ಸೈನ್ಯದ ದೊಡ್ಡ ಊಟ. ಅಂದು ಆಫೀಸರುಗಳೇ ಜವಾನರಿಗೆ ಬಡಿಸಬೇಕು. ಇಲ್ಲಿ ಅವರ ಊಟ ಮಾತ್ರ ಕೊನೆಗೆ, ಬೇರೆ ಶಾಮಿಯಾನದಲ್ಲಿ. ಗರಿಗರಿ ಸೀರೆಯ ಸೆರಗು ಸಿಕ್ಕಿಸಿ ಸರಸ ಅನ್ನದ ಸೌಟು ಹಿಡಿದಳು. ಪಂಜಾಬಿನವರು, ತಮಿಳರು, ಮಣಿಪುರದವರು ಸಾಲಾಗಿ ಬಂದರು. ಅವ್ವಮ್ಮನ ಗಂಡ, ಸಂಘದ ಅಧ್ಯಕ್ಷ ಸುಬೇದಾರ್ ಇದಿನಬ್ಬ ತಟ್ಟೆ ಚಾಚಿ, "ಸ್ವಲ್ಪ ಜಾಸ್ತಿ ಹಾಕಿ ಮೇಡಂ, ಮನೆಯಲ್ಲಿ ಇವಳು ಅಳತೆ ಮಾಡಿ ಹಾಕುವುದು" ಎಂದರು. ಹಿಂದಿದ್ದ ಅವ್ವಮ್ಮ ಅವರ ಬೆನ್ನಿಗೆ ಗುದ್ದಿದರು.

ಅವರ ಹಿಂದೆ ಸಂಕಪ್ಪ. ಸರಸ ಬಡಿಸಿದಳು. ಅವರು ತಟ್ಟೆಯನ್ನಷ್ಟೇ ನೋಡಿ ಮುಂದೆ ಹೋದರು. ಕಿವಿಯೂ ಕೆಂಪಾಗಲಿಲ್ಲ.

ಉಳಿದ ಇನ್ನೂರು ಜನರಿಗೂ ಅವಳು ಅಳತೆ ತಪ್ಪದೆ ಬಡಿಸಿದಳು. ಸೂಜಿ ಹಿಡಿದು ಪಳಗಿದ ಕೈ.

ಸೌಟು ಕೆಳಗಿಟ್ಟು, ಕೈ ತೊಳೆದು, ಅವಳು ಬೆಂಚುಗಳ ಕಡೆಗೆ ಹೊರಟಳು. ಇದಿನಬ್ಬರ ಪಕ್ಕದ ಜಾಗ ಖಾಲಿ.

"ಸಂಕಪ್ಪ ಎಲ್ಲಿ?"

"ಊಟ ಅರ್ಧಕ್ಕೆ ಬಿಟ್ಟು ಎದ್ದು ಹೋದ" ಎಂದರು ಇದಿನಬ್ಬ, ತಮಾಷೆಯ ದನಿಯಿಲ್ಲದೆ. ಅವ್ವಮ್ಮ ಸರಿದು, "ಕೂತ್ಕೊಳ್ಳಿ ಸರಸಕ್ಕ" ಎಂದು ಅವಳ ಮಣಿಕಟ್ಟು ಹಿಡಿದರು.

ಸರಸ ಕೂತಳು. ಹೇಳಿದ್ದೇನೆ, ಬಂದಿದ್ದೇನೆ. ಅವರು ಬಾರದಿದ್ದರೂ ಇಲ್ಲಿಂದ ಏಳುವುದಿಲ್ಲ.

ಸ್ವಯಂಸೇವಕನೊಬ್ಬ ಓಡಿ ಬಂದ. "ಮೇಡಂ, ಆಫೀಸರ್ಸ್ ಆ ಕಡೆ. ಇದು ಜವಾನರ ಜಾಗ."

"ಇಲ್ಲೇ ಸರಿ ನನಗೆ."

"ಯಾರಾದರೂ ನೋಡಿದರೆ ನನಗೆ ಬೈತಾರೆ, ಪ್ಲೀಸ್..."

"ಬೈಯಲಿಕ್ಕಿಲ್ಲ." ದನಿ ಅವಳ ಬೆನ್ನ ಹಿಂದಿನಿಂದ ಬಂತು. ಬ್ಯಾರಕಿನ ಒರಟು ಹಿಂದಿ, ಸುತ್ತಲಿನ ನಾಲ್ಕು ಬೆಂಚಿಗೆ ಕೇಳುವಷ್ಟು ಜೋರು. "ಇವರು ನನ್ನ ಮನೆಯವರು." ಒಂದು ಕ್ಷಣ ತಡೆದು, ಸುಳ್ಳು ಹೇಳಿ ಅಭ್ಯಾಸವಿಲ್ಲದ ಆ ಮನುಷ್ಯ ತಿದ್ದಿದರು: "ಆಗುವವರು. ಊರಿಗೆ ಹೋದ ಕೂಡಲೇ."

ಇದಿನಬ್ಬ ಬೆಂಚಿಗೆ ಬಡಿದು ನಕ್ಕರು. ಹುಡುಗ ಪೆಚ್ಚಾಗಿ ಹಿಂದೆ ಸರಿದ.

ಸಂಕಪ್ಪ ಬೆಂಚು ದಾಟಿ ಬಂದು ಅವಳ ಪಕ್ಕದಲ್ಲಿ, ಭುಜಕ್ಕೆ ಭುಜ ತಾಗುವಷ್ಟು ಹತ್ತಿರ ಕೂತರು. ಹಣೆಯಲ್ಲಿ ಬೆವರು. ಅವಳಿಗೆಂದು ನೋಡಿದರೆ ಮೀನು ಮುಗಿದುಹೋಗಿತ್ತಂತೆ. ಅಡುಗೆಮನೆಗೆ ಹೋಗಿ, ಎರಡನೆಯ ಬಾಣಲೆ ಇಳಿಯುವವರೆಗೆ ಕಾದಿದ್ದರು. ಮುಳ್ಳು ತೆಗೆದ ಮೀನಿನ ತುಂಡುಗಳನ್ನು ಅನ್ನದ ಬದಿಗಿಟ್ಟಿದ್ದ ಬಿಸಿ ತಟ್ಟೆಯನ್ನು ಎರಡೂ ಕೈಯಿಂದ ಅವಳ ಕೈಗೆ ಕೊಟ್ಟರು.