ಗಿಡಕ್ಕೆ ಹೊಲಿದ ಹೂವು

"ಅಯ್ಯೋ, ಕೊಲೆ! ಹಾಡಹಗಲೇ ಕೊಲೆ!"

ಆ ಕೂಗಿಗೆ ಅವಳ ಕೈಯಲ್ಲಿದ್ದ ಗರಗಸ ಜಾರಿ ಕಾಲ ಮೇಲೆ ಬೀಳುವುದೊಂದು ಬಾಕಿ!

ಗೋಡೆಯಾಚೆ ನಿಂತಿದ್ದವನು ಪಕ್ಕದ ಮನೆಗೆ ಹೊಸದಾಗಿ ಬಾಡಿಗೆಗೆ ಬಂದ ಗಡಿಯಾರ ರಿಪೇರಿಯವನು. ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡೇ ಓಡಿಬಂದಿದ್ದ. ಆ ಕಣ್ಣು ಇನ್ನೊಂದರ ಎರಡರಷ್ಟು ದೊಡ್ಡದಾಗಿ ಕಾಣುತ್ತಿತ್ತು.

'ಕೋಪದಲ್ಲೂ ಎಷ್ಟು ಚೆನ್ನಾಗಿದ್ದಾನೆ... ಆ ಇನ್ನೊಂದು ಕಣ್ಣು!' ಎಂದುಕೊಂಡಳು. ಬಾಯಿ ಮಾತ್ರ ಬೇರೆಯದನ್ನೇ ಹೇಳಿತು.

"ಯಾರ ಕೊಲೆ ರೀ? ಒಣಗಿ ನಿಂತ ಕಡ್ಡಿ ಕತ್ತರಿಸಿದ್ರೆ ಕೊಲೆನಾ? ನನ್ನ ಗಿರಾಕಿಯ ಮದುವೆ ಗೌನು ಒಣಹಾಕಿದ್ದೆ. ನಿಮ್ಮ ಕಡ್ಡಿ ಅದನ್ನ ಹರಿದುಹಾಕಿದೆ!"

"ಅದು ಕಡ್ಡಿಯಲ್ಲ, ಬೆಟ್ಟದ ದಾಸವಾಳ! ಚಳಿಗಾಲದಲ್ಲಿ ಎಲೆ ಉದುರಿಸುತ್ತೆ ಅಷ್ಟೇ. ನಮ್ಮಮ್ಮ ಬೆಟ್ಟದಿಂದ ಕಿತ್ತು ತಂದು ಸಾಕಿದ್ದು!"

ಅವಳು ಮೋಟುಗೋಡೆಯ ಮೇಲಿಂದ ಬಗ್ಗಿ, ತಾನು ಕತ್ತರಿಸಿದ್ದನ್ನು ನೋಡಿದಳು. ಗಿಡ ಬುಡಮಟ್ಟ ಹೋಗಿತ್ತು. ಕತ್ತರಿಸಿದ ಜಾಗದಲ್ಲಿ ಹಸಿರು ಕಂಡಿತು. ಅಂದರೆ ಗಿಡ ಒಣಗಿರಲಿಲ್ಲ!

ಅವಳು ಬೀದಿಯ ದರ್ಜಿ. ಎಲ್ಲರೂ ಅವಳನ್ನು ಸೂಜಿ ಎಂದೇ ಕರೆಯುತ್ತಿದ್ದರು. ಅದಕ್ಕೆ ಅವಳ ಹೊಲಿಗೆ ಎಷ್ಟು ಕಾರಣವೋ ನಾಲಿಗೆಯೂ ಅಷ್ಟೇ ಕಾರಣ. ಆದರೆ ಆ ದಿನ ಸೂಜಿ ಗರಗಸವನ್ನು ಬೆನ್ನ ಹಿಂದೆ ಅಡಗಿಸಿಕೊಂಡು ಮನೆಯೊಳಗೆ ಓಡಿದಳು.

ಬೇಸಿಗೆ ಬಂತು. ಬುಡದಿಂದ ಚಿಗುರೊಡೆದು ಗಿಡ ಸೊಂಟದೆತ್ತರ ಬೆಳೆಯಿತು. ಎಲೆಯೇನೋ ತುಂಬಿತು, ಹೂ ಮಾತ್ರ ಬಿಡಲಿಲ್ಲ.

ಗಡಿಯಾರದವನ ತಾಯಿ ಮೆಟ್ಟಿಲ ಮೇಲೆ ಕೂತು, ಗೋಡೆಯ ಬಳಿ ನಿಂತಿದ್ದ ಸೂಜಿಯ ಕಡೆ ತಿರುಗಿ ನಿಟ್ಟುಸಿರಿಟ್ಟರು. ಅವರಿಗೆ ಕಣ್ಣು ಸ್ವಲ್ಪ ಮಂಜು.

"ನಮ್ಮದೊಂದು ಪದ್ಧತಿ ಕಣೇ ಮಗಳೇ. ಯಾವ ಮನೆಗೆ ಹೋದ್ರೂ ಈ ಗಿಡ ನೆಡ್ತೀವಿ. ಬೇಸಿಗೆ ಮುಗಿಯೋದ್ರೊಳಗೆ ಹೂ ಬಿಟ್ರೆ ಆ ಮನೆ ನಮಗೆ ಒಗ್ಗಿತು ಅಂತ. ಬಿಡದಿದ್ರೆ ಗಂಟುಮೂಟೆ ಕಟ್ಟೋದೇ."

"ಮನೆ... ಖಾಲಿ ಮಾಡ್ತೀರಾ?"

"ಮತ್ತಿನ್ನೇನು?"

ಅವನು ಹೋಗಿಬಿಡುತ್ತಾನೆ! ಈಚೆಗೆ ಅವನು ಗೋಡೆಯ ಬಳಿ ನಿಂತು ಒಂದೆರಡು ಮಾತಾಡುತ್ತಿದ್ದ. ಅವಳ ಮೆಷಿನ್ನಿಗೆ ತಾನಾಗಿಯೇ ಎಣ್ಣೆ ಬಿಟ್ಟುಕೊಟ್ಟಿದ್ದ. ಆ ಭೂತಗನ್ನಡಿಯ ಕಣ್ಣನ್ನು ದಿನಕ್ಕೊಮ್ಮೆ ನೋಡದಿದ್ದರೆ ಅವಳಿಗೆ ಊಟ ಸೇರುತ್ತಿರಲಿಲ್ಲ.

'ನಾನೇ ಕೆಡಿಸಿದ್ದು... ನಾನೇ ಸರಿಮಾಡ್ತೀನಿ!'

ತಾಯಿ ವರ್ಣಿಸಿದ್ದ ಹೂವಿನ ಹಾಗೇ ತಿಳಿ ನೇರಳೆ ಬಟ್ಟೆ, ನಡುವೆ ಕೆಂಪು ದಾರದ ಕಸೂತಿ. ಮರುದಿನ ಬೆಳಿಗ್ಗೆ ಗಿಡದಲ್ಲಿ ಒಂದು ಹೂ 'ಅರಳಿತ್ತು'.

"ಹೂ ಬಂತು ಅಮ್ಮಾ!" ಎಂದು ಗೋಡೆಯ ಈಚೆಯಿಂದ ಅವಳೇ ಮೊದಲು ಕೂಗಿದಳು.

ತಾಯಿ ಬಂದು ಮೃದುವಾಗಿ ಸವರಿ ನೋಡಿದರು. "ಹೌದಲ್ಲ! ಪಾಪ, ಒಂದೇ ದಿನದ ಹೂ. ಸಂಜೆಗೆ ಮುದುಡಿ ಬಿದ್ದುಹೋಗುತ್ತೆ. ನಾಳೆ ಹೊಸದು ಬರುತ್ತೆ ಬಿಡು."

ಒಂದೇ ದಿನದ ಹೂವಾ! ಸೂಜಿಯ ಮುಖ ಇಳಿದುಹೋಯಿತು.

ಅಲ್ಲಿಂದ ಶುರುವಾಯಿತು ನೋಡಿ ಅವಳ ಪಾಡು. ಸಂಜೆ ಗೋಡೆ ಹಾರಿ ಹೂ ಬಿಚ್ಚುವುದು, ಬೆಳಿಗ್ಗೆ ಮತ್ತೆ ಗೋಡೆ ಹಾರಿ ಹೊಸದು ಕಟ್ಟುವುದು. ಗಿರಾಕಿಗಳ ಅಂಗಿಗೆ ತೋಳಿಲ್ಲ, ಗಿಡಕ್ಕೆ ಮಾತ್ರ ದಿನಾ ಹೊಸ ಹೂ! ಎಲೆಗಳ ಸಂದಿಯಲ್ಲಿ ಗಟ್ಟಿ ಹಸಿರು ಗಂಟುಗಳು ಕಂಡರೆ, ಏನೋ ರೋಗವಿರಬೇಕೆಂದು ಪ್ರೀತಿಯಿಂದ ಚಿವುಟಿಯೂ ಹಾಕುತ್ತಿದ್ದಳು.

ಇದು ಸಾಲದು ಎಂಬಂತೆ ಗಡಿಯಾರದವನು ದಿನಾ ಗಿಡದ ತಲೆಯ ಮೇಲೇ ನೀರು ಸುರಿಯುತ್ತಿದ್ದ. ಬಟ್ಟೆಯ ಬಣ್ಣ ಬಿಟ್ಟು ಎಲೆಯೆಲ್ಲ ನೇರಳೆ!

"ರೀ, ಬುಡಕ್ಕೆ ಹಾಕಬಾರದಾ?"

"ಹೂವಿಗೂ ಸೆಕೆ ಆಗುತ್ತಲ್ವಾ?" ಎಂದ, ಮುಖ ಗಂಭೀರವಾಗಿಟ್ಟುಕೊಂಡು.

'ದಡ್ಡ... ನನ್ನ ಮುದ್ದು ದಡ್ಡ!' ಎಂದುಕೊಂಡಳು.

ಒಂದು ಬೆಳಿಗ್ಗೆ ಅವಳು ಗೋಡೆ ಹಾರಿದಾಗ ಗಿಡದಲ್ಲಿ ಆಗಲೇ ಹೂವಿತ್ತು. ನಿನ್ನೆಯದನ್ನು ಬಿಚ್ಚಲು ಮರೆತೆನೇನೋ ಎಂದು ಅವಸರದಲ್ಲಿ ಎಳೆದಳು.

ದಾರ ಸಿಗಲಿಲ್ಲ. ಎಸಳು ಹರಿಯಿತು. ಬೆರಳಿಗೆ ತಣ್ಣನೆಯ ಲೋಳೆ ಅಂಟಿತು.

ನಿಜವಾದ ಹೂ!

"ಅಯ್ಯೋ..."

"ಎರಡನೇ ಕೊಲೆ!" ಎಂದಿತು ಹಿಂದಿನಿಂದ ಒಂದು ದನಿ.

ಅವನು! ಕಣ್ಣಿಗೆ ಭೂತಗನ್ನಡಿ. ಬಾಗಿಲಲ್ಲಿ ತಾಯಿ. ಸೂಜಿಯ ಒಂದು ಕೈಯಲ್ಲಿ ಬಟ್ಟೆಯ ಹೂ, ಇನ್ನೊಂದರಲ್ಲಿ ಹರಿದ ಹೂ. ಅಳು ತಡೆಯಲಾಗಲಿಲ್ಲ.

"ಅಮ್ಮಾ, ಇಷ್ಟು ದಿನ ನಿಮಗೆ ಮೋಸ ಮಾಡಿದೆ... ಎಲ್ಲ ನಾನೇ ಹೊಲಿದದ್ದು. ನೀವು ಹೋಗಿಬಿಡ್ತೀರಿ ಅಂತ ಹೆದರಿ... ಈಗ ನಿಜವಾದ ಹೂವನ್ನೂ ನಾನೇ... ಇನ್ನು ನೀವು ಹೋಗೇ ಹೋಗ್ತೀರಿ!"

ತಾಯಿ ಹತ್ತಿರ ಬಂದು ಅವಳ ಕಣ್ಣೊರೆಸಿದರು.

"ನನಗೆ ಮಂಜಾಗಿರೋದು ಕಣ್ಣು ಕಣೇ, ಬೆರಳಲ್ಲ. ಮೊದಲ ದಿನ ಮುಟ್ಟಿದಾಗಲೇ ಬಟ್ಟೆ ಅಂತ ಗೊತ್ತಾಯ್ತು. ಇನ್ನೊಂದು ವಿಷಯ... ಇದನ್ನ ಚಳಿಗಾಲದಲ್ಲಿ ಗಿಡ್ಡ ಕತ್ತರಿಸಿದ್ರೇನೇ ಒಳ್ಳೇದು. ನೀನು ಕೊಂದಿರಲಿಲ್ಲ."

"ಆಂ?" ಎಂದರು ಇಬ್ಬರೂ ಒಟ್ಟಿಗೆ.

"ಮತ್ಯಾಕಮ್ಮ ಆಗ ಸುಮ್ಮನಿದ್ದೆ?" ಮಗ ಕೇಳಿದ.

"ಹುಡುಗಿಯರನ್ನ ಕಂಡ್ರೆ ತಲೆ ತಗ್ಗಿಸೋನು, ಕೋಪದಲ್ಲಾದ್ರೂ ಒಬ್ಬಳ ಹತ್ತಿರ ಬಾಯಿ ಬಿಟ್ಟಿದ್ದೆ. ನಾನ್ಯಾಕೆ ಅಡ್ಡ ಬರಲಿ? ಆದ್ರೆ ಹೂ ಯಾಕಿಷ್ಟು ತಡ ಅನ್ನೋದೇ ತಿಳೀಲಿಲ್ಲ..."

ಸೂಜಿ ಮೂಗೊರೆಸಿಕೊಂಡಳು. "ಅಮ್ಮಾ, ಈ ಹಸಿರು ಗಂಟುಗಳು... ರೋಗ ಅಲ್ವಾ?"

"ಅವು ಮೊಗ್ಗು ಕಣೇ!"

"ಹಾಗಾದ್ರೆ ಎರಡಲ್ಲ..." ಗಡಿಯಾರದವನು ತಲೆ ಮೇಲೆ ಕೈಯಿಟ್ಟುಕೊಂಡ. "ಸಾಮೂಹಿಕ ಹತ್ಯೆ!"

ತಾಯಿ ನಕ್ಕು ನಕ್ಕು ಮೆಟ್ಟಿಲ ಮೇಲೆ ಕೂತುಬಿಟ್ಟರು. "ಹೂ ಬಂತಲ್ಲ, ಸಾಕು. ಅದು ಬರದೇ ಇದ್ದಿದ್ರೂ, ನಮಗೋಸ್ಕರ ದಿನಾ ಹೂ ಹೊಲಿಯೋಳ ಪಕ್ಕದ ಮನೆ ಬಿಟ್ಟು ಹೋಗೋಕೆ ನನಗೇನು ತಲೆ ಕೆಟ್ಟಿದ್ಯಾ?" ಎಂದು ಒಳಗೆ ಹೋದರು, ಬಾಗಿಲನ್ನೂ ಎಳೆದುಕೊಂಡರು.

ಗಿಡದ ಬಳಿ ಇಬ್ಬರೇ ಉಳಿದರು.

"ನಿಮಗೆ... ಯಾವಾಗ ಗೊತ್ತಾಯ್ತು?"

"ಗಡಿಯಾರದ ಚಕ್ರದ ಹಲ್ಲಲ್ಲಿ ಸಿಕ್ಕ ಕೂದಲು ಹುಡುಕೋನಿಗೆ ನಿಮ್ಮ ಹೊಲಿಗೆ ಕಾಣಿಸಲ್ವಾ? ಮೊದಲ ದಿನವೇ."

"ಮತ್ತೆ ದಿನಾ ತಲೆ ಮೇಲೆ ನೀರು ಸುರಿದದ್ದು?"

ಅವನು ಭೂತಗನ್ನಡಿ ತೆಗೆದು ಜೇಬಿಗೆ ಹಾಕಿಕೊಂಡ. ಈಗ ಎರಡೂ ಕಣ್ಣು ಒಂದೇ ಅಳತೆಯವು, ಎರಡೂ ಅವಳ ಮೇಲೇ.

"ಬಣ್ಣ ಹೋಗದಿದ್ರೆ ಹಳೇ ಹೂವನ್ನೇ ಮತ್ತೆ ಕಟ್ಟಿ ಬೇಗ ಹೋಗಿಬಿಡ್ತಿದ್ರಿ. ಹೊಸದಾದ್ರೆ ನಿಂತು, ದೂರದಿಂದ ನೋಡಿ, ಸರಿಮಾಡಿ... ಕಿಟಕಿಯಿಂದ ನಾನು ಅಷ್ಟು ಹೊತ್ತು ನಿಮ್ಮನ್ನ ನೋಡಬಹುದಿತ್ತು."

ಅವಳು ಕೈಯಲ್ಲಿದ್ದ ಬಟ್ಟೆಯ ಹೂವನ್ನು ಅವನ ಅಂಗಿಯ ಗುಂಡಿಗೆ ಕಟ್ಟಿದಳು. ಗಂಟಿನ ಮೇಲೆ ಇನ್ನೊಂದು ಗಂಟನ್ನೂ ಹಾಕಿದಳು.

"ಇದು ಸಂಜೆಗೆ ಬಿದ್ದುಹೋಗಲ್ಲ, ಗೊತ್ತಲ್ವಾ?" ಎಂದಳು ಮೆಲ್ಲಗೆ.

"ಗೊತ್ತು. ಆದ್ರೂ ನಾಳೆ ಬೆಳಿಗ್ಗೆ ಬರ್ತೀರಲ್ವಾ?"

"ಬರ್ತೀನಿ... ಆದ್ರೆ ನಾಳೆಯಿಂದ ಗೋಡೆ ಹಾರಲ್ಲ. ಬಾಗಿಲು ತೆಗೀರಿ!"