ಹಿಂದಿನ ಸಾಲಿನ ಬಾಟಲಿ

ಎರಡೇ ಗುಟುಕು. ಮೂರನೆಯದಕ್ಕೆ ಬಾಟಲಿ ಬಾಯಿಯವರೆಗೆ ಹೋಗಲಿಲ್ಲ. ಅಂಗಡಿ ಮುಂದಿನ ಬೆಂಚಿನ ಮೇಲೆ ಕೂತಿದ್ದ ಹೆಂಗಸು ಗಂಟಲು ಹಿಡಿದುಕೊಂಡು ಕೆಳಕ್ಕೆ ಜಾರಿದಳು. ಹಳದಿ ಮುಚ್ಚಳದ ಕಿತ್ತಳೆ ಪಾನೀಯ ಅವಳ ಮಡಿಲ ಮೇಲೆಲ್ಲ ಚೆಲ್ಲಿತು.

ಆಗ ಮಧ್ಯಾಹ್ನ ಮೂರು ಗಂಟೆ. ದಾರಿಹೋಕರು ಅವಳನ್ನು ಆಸ್ಪತ್ರೆಗೆ ಸಾಗಿಸಿದರು. ಸುದ್ದಿ ತಿಳಿದ ಗಂಡ ಏದುಸಿರು ಬಿಡುತ್ತಾ ಅಲ್ಲಿಗೇ ಓಡಿ ಬಂದ. ಅವನು ಅದೇ ಅಂಗಡಿಗೆ ಕೆಂಪು ಮುಚ್ಚಳದ ಪಾನೀಯ ಹಾಕುವ ದೊಡ್ಡ ಕಂಪನಿಯ ಸೇಲ್ಸ್‌ಮನ್. ಪೊಲೀಸರಿಗೆ ಅವನು ಅಳುತ್ತಲೇ ದೂರು ಕೊಟ್ಟ. ನಿನ್ನೆ ಸಂಜೆ ಆ ಅಂಗಡಿಯ ಅಕ್ಕ ಹತ್ತು ಜನರೆದುರು ನನ್ನ ಮನೆ ಹಾಳಾಗಲಿ ಎಂದು ಶಪಿಸಿದಳು, ಇವತ್ತು ಹಾಳು ಮಾಡಿದಳು ಎಂದ.

ಹತ್ತು ಜನರೂ ಹೌದೆಂದರು. ಸಾಕ್ಷಿ ಹೇಳುವ ಉಮೇದಿನಲ್ಲಿ ಹತ್ತು ಹೋಗಿ ಹದಿನೈದಾಯಿತು.

* * *

ಇನ್‌ಸ್ಪೆಕ್ಟರ್ ಮೇಡಂ ಮಾತು ಕಡಿಮೆ ಆಡುವವಳು. ಅಕ್ಕನೇ ಎಲ್ಲ ಹೇಳಲಿ ಎಂದು ಸುಮ್ಮನೆ ಕೂತಳು. ಐವತ್ತು ದಾಟಿದ ಅಕ್ಕ ಗಂಡ ತೀರಿಹೋದ ಮೇಲೆ ಒಬ್ಬಳೇ ಅಂಗಡಿ ನಡೆಸಿಕೊಂಡು ಬಂದವಳು. ಬೀದಿಗೆಲ್ಲ ಅವಳು ಅಕ್ಕ.

ಜಗಳ ಫ್ರಿಜ್‌ನದು. ಕೆಂಪು ಫ್ರಿಜ್ಜನ್ನು ದೊಡ್ಡ ಕಂಪನಿಯೇ ಪುಕ್ಕಟೆ ಕೊಟ್ಟಿತ್ತು. ಅದರಲ್ಲಿ ತನ್ನ ಬಾಟಲಿ ಬಿಟ್ಟು ಬೇರೇನೂ ಇಡಬಾರದು ಎಂಬುದು ಕಂಪನಿಯ ಷರತ್ತು. ಮೂರು ತಿಂಗಳಿಂದ ಹಳದಿ ಮುಚ್ಚಳದ ಸಣ್ಣ ಕಂಪನಿಯ ಪಾನೀಯ ಬಿಸಿ ಬಿಸಿ ದೋಸೆಯಂತೆ ಖರ್ಚಾಗುತ್ತಿತ್ತು. ಅಕ್ಕ ಅದಕ್ಕೆ ಕೆಳಗಿನ ಸಾಲು ಬಿಟ್ಟುಕೊಟ್ಟಿದ್ದಳು. ಸೇಲ್ಸ್‌ಮನ್ ಕೆರಳಿ, ಫ್ರಿಜ್ಜನ್ನೇ ಎತ್ತಿಕೊಂಡು ಹೋಗುತ್ತೇನೆ ಎಂದಿದ್ದ.

"ಫ್ರಿಜ್ ಹೋದ್ರೆ ಅಂಗಡಿನೇ ಹೋದ ಹಾಗೆ ಮೇಡಂ. ಸಿಟ್ಟಲ್ಲಿ ಬಾಯಿಗೆ ಬಂದದ್ದು ಅಂದ್ಬಿಟ್ಟೆ."

"ಇವತ್ತು ಬಾಟಲಿ ಕೊಟ್ಟದ್ದು?"

"ನಾನೇ. ಕೆಂಪು ಎರಡು ಕೊಂಡ್ರೆ ಒಂದು ಉಚಿತ ಅಂತ ಆ ಸೇಲ್ಸ್‌ಮನ್ನೇ ಬೋರ್ಡ್ ಹಾಕಿದ್ದ. ಬೆಳಿಗ್ಗೆಯಿಂದ ಎಲ್ಲರೂ ಕೆಂಪೇ ತಗೊಂಡು ಖಾಲಿ ಮಾಡಿದ್ರು, ಹಳದಿ ಯಾರೂ ಕೇಳ್ಲಿಲ್ಲ. ಅವಳಿಗೆ ಕೊಟ್ಟದ್ದೇ ಮೊದಲು. ಅವಳ ಗಂಡನಿಗೆ ಬೈದದ್ದು ಮನಸ್ಸಿಗೆ ಚುಚ್ತಾ ಇತ್ತು. ದುಡ್ಡು ಬೇಡ, ಕುಡಿಯಮ್ಮ ಅಂತ ಹಿಂದಿನ ಸಾಲಿಂದ ತೆಗೆದು ಕೊಟ್ಟೆ. ನಾನು ಯಾವಾಗ್ಲೂ ಹಿಂದಿನದೇ ತೆಗೆಯೋದು. ಚೆನ್ನಾಗಿ ತಣ್ಣಗಿರತ್ತೆ."

ಬಾಟಲಿಯ ಮುಚ್ಚಳವನ್ನು ಯಾರೋ ತೆರೆದು, ಮತ್ತೆ ಅಂಟು ಹಾಕಿ ಕೂರಿಸಿದ್ದರು. ಅಂದರೆ ಕಾರ್ಖಾನೆಯ ತಪ್ಪಲ್ಲ. ಶಾಪ ಹಾಕಿದ ಮರುದಿನವೇ ಪುಕ್ಕಟೆ ಪಾನೀಯ ಕೊಟ್ಟವಳನ್ನು ಯಾರು ತಾನೇ ನಂಬುತ್ತಾರೆ? ಅಕ್ಕ ಲಾಕಪ್ಪಿಗೆ ಹೋದಳು. ನಾಳೆ ಸಂಜೆ ಐದರೊಳಗೆ ಅವಳನ್ನು ನ್ಯಾಯಾಧೀಶರ ಮುಂದೆ ನಿಲ್ಲಿಸಬೇಕು. ಅಲ್ಲಿಂದ ಜೈಲು. ಕರೆದೊಯ್ಯುವಾಗ ಅವಳು ಕೇಳಿದ್ದು, ಆ ಹುಡುಗಿ ಹೇಗಿದ್ದಾಳೆ ಅಂತ. ಅದು ಇನ್‌ಸ್ಪೆಕ್ಟರ್ ತಲೆಯೊಳಗೆ ಕೂತುಬಿಟ್ಟಿತು.

* * *

ಮರುದಿನ ಬೆಳಿಗ್ಗೆ ಹಳದಿ ಕಂಪನಿಯ ವ್ಯಾನ್ ಚಾಲಕ ಠಾಣೆಗೆ ಬಂದ. ಬಾಟಲಿಯ ಕತ್ತಿನ ಮೇಲಿದ್ದ ತಾರೀಖು ನೋಡಿದ್ದೇ ತಲೆಯಾಡಿಸಿದ.

"ಇದು ಅಕ್ಕನ ಅಂಗಡಿ ಮಾಲಲ್ಲ ಮೇಡಂ. ಐದು ದಿನದ ಹಿಂದೆ ತುಂಬಿದ್ದು. ಅಕ್ಕನ ಕಡೆ ನಾನು ಹೋಗಿ ಎಂಟು ದಿನ ಆಯ್ತು."

"ಫ್ರಿಜ್‌ನಲ್ಲಿ ಜೋಡಿಸೋದು ನೀನೇನಾ?"

"ಕ್ರೇಟ್ ಇಳಿಸ್ತೀನಿ, ಹೊರಡ್ತೀನಿ. ಜೋಡಿಸೋಕೆ ಪುರುಸೊತ್ತೆಲ್ಲಿ?"

ಅವನು ಹೋದ ಮೇಲೆ ಮುಖ್ಯಪೇದೆ ತಲೆ ಕೆರೆದುಕೊಂಡ. ಅಕ್ಕನೇ ಬೇರೆ ಅಂಗಡಿಯಿಂದ ಕೊಂಡು ತಂದಿರಬಹುದಲ್ಲ ಎಂದ. ಮಾತು ಸರಿಯೇ. ಇಬ್ಬರೂ ಅಂಗಡಿಗೆ ಹೊರಟರು.

ಜೋಡಿಸಿಡುವುದು ಅಕ್ಕನಿಗೆ ಒಗ್ಗದ ಕೆಲಸ, ಅವಳ ಅಂಗಡಿಯಲ್ಲಿ ಯಾವುದೂ ತನ್ನ ಜಾಗದಲ್ಲಿರಲಿಲ್ಲ. ಬಿಸ್ಕತ್ತಿನ ಮೇಲೆ ಸೋಪು, ಪೆಪ್ಪರಮಿಂಟಿನ ಡಬ್ಬದಲ್ಲಿ ಬೆಂಕಿಪೊಟ್ಟಣ, ಚಾಕೊಲೇಟಿನ ಪೆಟ್ಟಿಗೆ ತಲೆಕೆಳಗು. ಫ್ರಿಜ್ ತೆರೆದರೆ ಮೇಲಿನ ಸಾಲುಗಳು ಖಾಲಿ. ಕೆಳಗೆ ಹನ್ನೊಂದು ಹಳದಿ ಬಾಟಲಿ.

"ಕವಾಯತಿಗೆ ನಿಲ್ಲಿಸಿದ ಹಾಗಿವೆಯಲ್ಲ ಮೇಡಂ," ಎಂದು ಪೇದೆ ನಕ್ಕ.

ಇನ್‌ಸ್ಪೆಕ್ಟರ್ ನಗಲಿಲ್ಲ. ನೆಲದ ಮೇಲೆ ಕೂತು ಒಂದೊಂದನ್ನೇ ನೋಡಿದಳು. ಹನ್ನೊಂದರ ಹೆಸರೂ ಮುಂದಕ್ಕೆ, ಕೂದಲೆಳೆಯಷ್ಟೂ ಓರೆಯಿಲ್ಲ. ಮಾಲು ಎರಡು ತಾರೀಖಿನದು. ಹಳೆಯದು ಮೊದಲು ಖರ್ಚಾಗಲೆಂದು ಕಂಪನಿಯವರು ಇಡುವ ಹಾಗೆ ಹಳೆಯದು ಮುಂದೆ, ಹೊಸದು ಹಿಂದೆ. ಸೇಲ್ಸ್‌ಮನ್ ತನ್ನ ಹೇಳಿಕೆಯಲ್ಲಿ ಆ ಹಳದಿಯನ್ನು ಕೈಯಲ್ಲೂ ಮುಟ್ಟುವುದಿಲ್ಲ ಎಂದಿದ್ದ.

* * *

ಪ್ರಯೋಗಾಲಯದ ವರದಿ ಹನ್ನೊಂದು ಗಂಟೆಗೆ ಕೈಸೇರಿತು. ಬಾಟಲಿಯಲ್ಲಿದ್ದದ್ದು ಕೊಳವೆ ತೊಳೆಯುವ ಕ್ಷಾರ. ವರದಿಯನ್ನು ಜೇಬಿನಲ್ಲಿಟ್ಟುಕೊಂಡು ಇನ್‌ಸ್ಪೆಕ್ಟರ್ ಆಸ್ಪತ್ರೆಗೆ ಹೋದಳು.

ಹೆಂಗಸು ಬದುಕುತ್ತಾಳೆ ಎಂದರು ಡಾಕ್ಟರು. ಗಂಟಲು ಸುಟ್ಟಿದೆ, ಮಾತು ಬರಲು ತಿಂಗಳುಗಳೇ ಬೇಕು. ಗಂಡನಿಗೆ ಪುಣ್ಯ ಬರಬೇಕು ಎಂದೂ ಸೇರಿಸಿದರು.

"ಬಂದ ತಕ್ಷಣ ನನ್ನ ಕೈ ಹಿಡ್ಕೊಂಡು ಹೇಳ್ದ. ಕ್ಷಾರ ಇದ್ರೂ ಇರಬಹುದು, ವಾಂತಿ ಮಾಡಿಸ್ಬೇಡಿ ಅಂತ. ಅದರಿಂದಲೇ ಬಚಾವಾದ್ಲು."

ಇನ್‌ಸ್ಪೆಕ್ಟರ್ ಜೇಬಿನಿಂದ ವರದಿ ತೆಗೆದು ಇನ್ನೊಮ್ಮೆ ಓದಿದಳು.

ವಾರ್ಡಿನಲ್ಲಿ ಹೆಂಡತಿ ಪರದೆಯಾಚೆ ಮಲಗಿದ್ದಳು. ಸೇಲ್ಸ್‌ಮನ್ ಕಿಟಕಿಯ ಬಳಿ ಸ್ಟೂಲಿನ ಮೇಲೆ ಕೂತಿದ್ದ. ಕಿಟಕಿ ಕಟ್ಟೆಯ ಮೇಲೆ ಔಷಧಿ ಬಾಟಲಿಗಳು ಹೆಸರು ಮುಂದೆ ಮಾಡಿ ನೆಟ್ಟಗೆ ನಿಂತಿದ್ದವು.

"ಕೆಳಗಿನ ಸಾಲು ಜೋಡಿಸಿದ್ದು ನೀವು," ಎಂದಳು ಇನ್‌ಸ್ಪೆಕ್ಟರ್.

"ನಾನು ಹಳದಿ ಮುಟ್ಟಲ್ಲ ಅಂದ್ನಲ್ಲ ಮೇಡಂ."

"ಬಾಟಲೀಲಿ ಏನಿತ್ತು ಅಂತ ನನಗೆ ಗೊತ್ತಾಗಿದ್ದು ಇವತ್ತು ಹನ್ನೊಂದಕ್ಕೆ. ನೀವು ಡಾಕ್ಟರಿಗೆ ಹೇಳಿದ್ದು ನಿನ್ನೆ."

ಅವನ ಮುಖ ಬಿಳಿಚಿಕೊಂಡಿತು. ಆಕೆ ದನಿ ತಗ್ಗಿಸಿ ಎಲ್ಲವನ್ನೂ ಹೇಳಿದಳು. ಬೇರೆ ಬೀದಿಯಲ್ಲಿ ಕೊಂಡ ಬಾಟಲಿ. ಜಗಳ ತಣ್ಣಗಾದ ಮೇಲೆ ಕೆಂಪು ಮಾಲು ತುಂಬಲು ಫ್ರಿಜ್ ಮುಂದೆ ಬಗ್ಗಿದ್ದು. ಅದು ಅವನ ನಿತ್ಯದ ಕೆಲಸ, ಯಾರೂ ತಿರುಗಿ ನೋಡಲಿಲ್ಲ. ಹಳದಿಗಳನ್ನು ಹೊರಗೆ ತೆಗೆದು, ಕೆಟ್ಟದ್ದನ್ನು ಎಲ್ಲಕ್ಕಿಂತ ಹಿಂದೆ ತಳ್ಳಿ, ಉಳಿದವನ್ನು ಮತ್ತೆ ಇಟ್ಟದ್ದು. ಹಾಗೇ ಅಡ್ಡಾದಿಡ್ಡಿ ಇಟ್ಟಿದ್ದರೆ ಅಕ್ಕ ಜೈಲಿಗೆ ಹೋಗಿರುತ್ತಿದ್ದಳು.

"ಹನ್ನೊಂದು ವರ್ಷ ಇದೇ ಕೆಲಸ," ಎಂದ ಅವನು. "ಕೈ ನನ್ನ ಮಾತು ಕೇಳ್ಲಿಲ್ಲ."

ಉಳಿದದ್ದು ತಡೆತಡೆದು ಹೊರಬಂತು. ಫ್ರಿಜ್‌ನಲ್ಲಿ ಹಳದಿ ಇನ್ನೊಮ್ಮೆ ಕಂಡರೆ ಕೆಲಸ ಬಿಡು ಎಂದು ಮ್ಯಾನೇಜರ್ ಹೇಳಿದ್ದ. ಒಂದೇ ಒಂದು ಬಾಟಲಿ, ಯಾರಿಗೋ ಹೊಟ್ಟೆ ಕೆಟ್ಟರೆ ಹಳದಿಯ ಹೆಸರೂ ಕೆಡುತ್ತದೆ ಎಂದುಕೊಂಡ. ಹಿಂದೆ ಇಟ್ಟದ್ದು ಕೊನೆಗೆ ಹೋಗುತ್ತದೆ ಎಂಬುದು ಅವನು ಕಲಿತ ಪಾಠ. ಅದು ಹೊರಬರುವ ಹೊತ್ತಿಗೆ ತಾನು ಕಂಪನಿಯ ಸಭೆಗೆಂದು ಪರವೂರಲ್ಲಿರುತ್ತೇನೆ ಎಂದು ಲೆಕ್ಕ ಹಾಕಿದ್ದ. ಅಕ್ಕ ಹಿಂದಿನದನ್ನೇ ಮೊದಲು ತೆಗೆಯುತ್ತಾಳೆ ಎಂದು ಅವನಿಗೆ ತಿಳಿದಿರಲಿಲ್ಲ. ಹನ್ನೊಂದು ವರ್ಷದಲ್ಲಿ ಅವಳು ಗಿರಾಕಿಗೆ ಬಾಟಲಿ ಕೊಡುವುದನ್ನು ಒಮ್ಮೆಯೂ ನಿಂತು ನೋಡಿರಲಿಲ್ಲ.

"ಅಕ್ಕನ ಮೇಲೆ ಯಾಕೆ ಹೇಳಿದ್ರಿ?"

ಅವನು ಕಟ್ಟೆಯ ಮೇಲಿನ ಔಷಧಿ ಬಾಟಲಿಯೊಂದನ್ನು ಇನ್ನಷ್ಟು ನೇರ ಮಾಡಿದ. ಇನ್‌ಸ್ಪೆಕ್ಟರ್‌ಗೆ ಎಲ್ಲಕ್ಕಿಂತ ಹೆಚ್ಚು ಸಿಟ್ಟು ಬಂದದ್ದು ಇಲ್ಲೇ.

"ಇವಳಿಗೆ ಹೇಳ್ಬೇಡಿ ಮೇಡಂ."

"ಹೇಳೋದು ನಿಮ್ಮ ಕೆಲಸ. ಐದು ನಿಮಿಷ ಕೊಡ್ತೀನಿ."

ಅವನು ಎದ್ದು ಪರದೆಯವರೆಗೆ ಹೋದ. ಅಲ್ಲೇ ನಿಂತ. ಐದು ನಿಮಿಷವೂ ಅಲ್ಲೇ ನಿಂತಿದ್ದ.

* * *

ನಾಲ್ಕು ಗಂಟೆಗೆ ಅಕ್ಕನನ್ನು ಬಿಟ್ಟರು. ನಡೆದದ್ದನ್ನೆಲ್ಲ ಇನ್‌ಸ್ಪೆಕ್ಟರ್ ತಾನೇ ಕೂತು ಹೇಳಿದಳು. ಅಕ್ಕ ಹೊರಡಲು ಎದ್ದವಳು ಮತ್ತೆ ಬೆಂಚಿನ ಮೇಲೆ ಕೂತುಕೊಂಡಳು.

"ಒಂದು ಮಾತು ನಿನ್ನೆ ನಿಮಗೆ ಹೇಳಿರ್ಲಿಲ್ಲ," ಎಂದಳು. "ಅವಳು ಬೇಡ ಅಂದಿದ್ಲು ಮೇಡಂ. ನಮ್ಮೆಜಮಾನ್ರ ಕಂಪನಿದು ಬಿಟ್ಟು ಬೇರೆ ಮುಟ್ಟಲ್ಲ ಅಕ್ಕ ಅಂದ್ಲು. ಇದೊಂದು ಸಲ ಕುಡಿ, ಅವನಿಗೇನೂ ಗೊತ್ತಾಗಲ್ಲ ಅಂತ ಒತ್ತಾಯ ಮಾಡಿದ್ದು ನಾನೇ."