ಕೆಂಪು ಲೈಟಿನ ಬಲ್ಬು

"ಇಂಜಿನ್ ಆಫ್ ಮಾಡ್ಬೇಡಿ!" ಬಾನೆಟ್ಟಿನೊಳಗೆ ತಲೆ ತೂರಿಸಿಕೊಂಡೇ ಗ್ಯಾರೇಜ್ ಅಕ್ಕ ಕೂಗಿದಳು. ಬ್ಯಾಟರಿಯ ಎರಡೂ ತುದಿಗೆ ಮೀಟರಿನ ವೈರು ಹಿಡಿದಳು. "ಇಂಜಿನ್ ಓಡೋವಾಗ ಹದಿನಾಲ್ಕು ವೋಲ್ಟ್ ತೋರಿಸ್ಬೇಕು. ಇಲ್ಲಿ ಹನ್ನೆರಡಕ್ಕೂ ಗತಿಯಿಲ್ಲ."

"ಬ್ಯಾಟರಿ ಹೊಸದು ಕಣಮ್ಮ," ಅಂದ ಅಪ್ಪ.

"ಬ್ಯಾಟರಿ ಪಾಪ ಏನು ಮಾಡುತ್ತೆ? ಅದನ್ನ ತುಂಬಿಸೋ ಆಲ್ಟರ್ನೇಟರೇ ಕೈ ಕೊಟ್ಟಿರೋ ಹಾಗಿದೆ. ಬೆಲ್ಟ್ ಬಿಗಿಯಾಗಿದೆ, ವೈರೂ ಸರಿಯಿದೆ."

"ಈ ಮುದಿ ಕಾರಿಗೆ ಅದನ್ನೆಲ್ಲಿಂದ ತರೋದು? ಗುಜರಿಗೆ ಹಾಕೋದೇ ವಾಸಿ."

ಹಳೇ ಟೈರಿನ ಮೇಲೆ ಕೂತಿದ್ದ ಮಗಳು ಗುಬ್ಬಿ ದಡಕ್ಕನೆ ಎದ್ದು ನಿಂತಳು. ಅಮ್ಮ ನರ್ಸ್ ಟ್ರೇನಿಂಗಿಗೆ ಅಂತ ದೂರದ ಊರಿನಲ್ಲಿದ್ದಳು. ಪ್ರತಿ ಶನಿವಾರ ಅಪ್ಪ ಮಗಳು ಈ ಕಾರಿನಲ್ಲೇ ಹೋಗಿ ನೋಡಿಬರುತ್ತಿದ್ದರು. ಹೋದ ಶನಿವಾರ ಇದು ಅರ್ಧ ದಾರಿಯಲ್ಲೇ ನಿಂತುಬಿಟ್ಟಿತ್ತು. ಇವತ್ತೂ ಶನಿವಾರವೇ.

ಗುಬ್ಬಿ ಹೊಸ ಸ್ಕೂಲು ಸೇರಿ ಮೂರು ತಿಂಗಳಾಗಿತ್ತು. ಇನ್ನೂ ಎಲ್ಲರೂ ಅವಳನ್ನು ಕರೆಯೋದು "ನ್ಯೂ ಅಡ್ಮಿಷನ್" ಅಂತ. ಕರೆಯೋದೂ ಅಪರೂಪ ಬಿಡಿ. ಊಟದ ಡಬ್ಬಿ ಬಿಚ್ಚುವಾಗ ಇಡೀ ಬೆಂಚಿಗೆ ಅವಳೊಬ್ಬಳೇ. ಅಮ್ಮ ಫೋನಿನಲ್ಲಿ "ಸ್ಕೂಲ್ ಹೇಗಿದೆ?" ಅಂದರೆ "ಸೂಪರ್!" ಅಂದುಬಿಡುತ್ತಿದ್ದಳು. ಅಪ್ಪನಿಗೂ ಅದೇ ಉತ್ತರ. ಅವರಿಗೆ ಇರೋ ತಲೆನೋವೇ ಸಾಲದೇ?

ಸೈನ್ಸ್ ಮಾಡೆಲ್ ಮಾಡಿದರೆ ನಾಲ್ಕು ಜನ ಸುತ್ತ ನಿಂತು ನೋಡಿಯಾರು ಅಂತ ಆಸೆಪಟ್ಟಿದ್ದಳು. ಅದಕ್ಕೊಂದು ಪುಟ್ಟ ಬಲ್ಬು ಬೇಕಿತ್ತು. ಕಾರಿನ ಡ್ಯಾಶ್‌ಬೋರ್ಡ್ ಹೇಗೂ ಸಡಿಲ. ಹೋದ ಶನಿವಾರಕ್ಕೆ ಎರಡು ದಿನ ಮೊದಲು ಹಿಂದಿನಿಂದ ಕೈ ಹಾಕಿ, ಬ್ಯಾಟರಿ ಚಿತ್ರದ ಕೆಂಪು ಲೈಟಿನ ಬಲ್ಬನ್ನು ತಿರುಗಿಸಿ ತೆಗೆದಿದ್ದಳು. ಕೀ ತಿರುಗಿಸಿದಾಗ ಒಂಚೂರು ಉರಿದು ಆರಿಹೋಗೋ ಲೈಟು, ಇಲ್ಲದಿದ್ದರೆ ಯಾರಿಗೇನು ನಷ್ಟ?

ಮಾಡೆಲ್ಲಿನಲ್ಲಿ ಬಲ್ಬೇನೋ ಹತ್ತಿತು. ನೋಡೋಕೆ ಒಬ್ಬರೂ ಬರಲಿಲ್ಲ.

"ಈಗ ಇಂಜಿನ್ ನಿಲ್ಸಿ, ಬರೀ ಕೀ ತಿರುಗಿಸಿ," ಎಂದು ಗ್ಯಾರೇಜ್ ಅಕ್ಕ ಕಿಟಕಿಯೊಳಗೆ ಬಗ್ಗಿದಳು. "ಅಯ್ಯೋ, ಕೆಂಪು ಲೈಟೇ ಬರ್ತಿಲ್ವಲ್ರೀ! ಇಂಥ ಹಳೇ ಕಾರಲ್ಲಿ ಆ ಬಲ್ಬಿನ ಮೂಲಕಾನೇ ಕರೆಂಟ್ ಹೋಗಿ ಆಲ್ಟರ್ನೇಟರನ್ನ ಎಬ್ಬಿಸೋದು. ಅದು ಮೊದಲು ಉರಿದ್ರೆ ತಾನೇ ಆಮೇಲೆ ಚಾರ್ಜ್ ಆಗೋದು?"

ಗುಬ್ಬಿ ಮೆಲ್ಲಗೆ ಹತ್ತಿರ ಬಂದಳು. ಬ್ಯಾಗಿನಿಂದ ಪೆನ್ಸಿಲ್ ಬಾಕ್ಸ್ ತೆಗೆದು, ಬಲ್ಬನ್ನು ಅಂಗೈಯಲ್ಲಿಟ್ಟು ಚಾಚಿದಳು. "ನಾನೇ ತೆಗೆದಿದ್ದು. ಮಾಡೆಲ್ಲಿಗೆ."

ಅಪ್ಪ ಬಗ್ಗಿ ಬಲ್ಬನ್ನು ನೋಡಿದ.

"ಭಲೇ ಕಳ್ಳಿ!" ಗ್ಯಾರೇಜ್ ಅಕ್ಕ ನಗುತ್ತಾ ಬಲ್ಬು ಕೂರಿಸಿದಳು. ಕೀ ತಿರುಗಿಸಿದಾಗ ಕೆಂಪು ಲೈಟು ಉರಿಯಿತು. ಇಂಜಿನ್ ಗುರ್ರೆಂದಿತು, ಲೈಟು ಆರಿತು. ಮೀಟರು ಹದಿನಾಲ್ಕು ತೋರಿಸಿತು.

ಊರು ದಾಟಿದ ಮೇಲೆ ಅಪ್ಪ ಕೇಳಿದ. "ಬಲ್ಬು ಬೇಕು ಅಂದಿದ್ರೆ ನಾನು ತಂದುಕೊಡ್ತಿರ್ಲಿಲ್ವಾ? ಹೋಗ್ಲಿ, ಮಾಡೆಲ್ ಎಲ್ಲರಿಗೂ ಇಷ್ಟ ಆಯ್ತಾ?"

"ಸೂ..." ಅಂದವಳು ಅಲ್ಲೇ ತಡೆದುಕೊಂಡಳು. ಲೈಟು ಉರಿದು ಆರಿದ ಜಾಗವನ್ನೇ ನೋಡಿದಳು.

"ಯಾರೂ ನೋಡ್ಲಿಲ್ಲಪ್ಪ. ನನ್ನ ಪಕ್ಕ ಯಾರೂ ಕೂರೋದೂ ಇಲ್ಲ." ಅಳು ಬಂದೇಬಿಟ್ಟಿತು.

ಅಪ್ಪ ಕಾರನ್ನು ರಸ್ತೆ ಪಕ್ಕಕ್ಕೆ ಹಾಕಿ ಕೀ ತಿರುಗಿಸಿದ. ಇಂಜಿನ್ ಸದ್ದು ನಿಂತಿತು.

"ಅಪ್ಪಾ, ಆಫ್ ಮಾಡ್ಬೇಡ!"

"ಅದು ಮತ್ತೆ ಸ್ಟಾರ್ಟ್ ಆಗುತ್ತೆ ಬಿಡು. ನೀನು ಹೇಳು."

ಗುಬ್ಬಿ ಮೂಗು ಒರೆಸಿಕೊಂಡು, ಮೊದಲನೇ ದಿನದಿಂದ ಹೇಳತೊಡಗಿದಳು.